ಶೋಕೇಸಿನಲ್ಲಿ ನಕ್ಕ ವೈನಿ

ಮೊನ್ನೆ ನೀರು ಕಾಯಿಸುವ ಕೆಟಲಿನ ತಳಕ್ಕೆ ಹಿಡಿದ ಬಿಳಿ ಕಲೆ ಹೋಗಲೆಂದು ಅದರಲ್ಲಿ ವಿನೆಗರ್ ಹಾಕಿ ಕುದಿಸಿದೆ. ಪಕ್ಕದ ಮನೆಯಾಕೆ ಹೇಳಿಕೊಟ್ಟ ಉಪಾಯ. ಕಲೆ ಹೋಯಿತೋ ಇಲ್ಲವೋ ನೋಡುವ ಮೊದಲೇ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಧಾರವಾಡದ ಅಡುಗೆಮನೆಯಲ್ಲಿ ನಿಂತಿದ್ದವಳು ಒಮ್ಮೆಲೇ ಅಣ್ಣಿಗೇರಿಯ ಬಜಾರಿನಲ್ಲಿದ್ದೆ. ಕಿವಿಗಳು ಬಿಸಿಯಾದವು. ಈ ವಯಸ್ಸಿನಲ್ಲಿ, ಯಾರೂ ಇಲ್ಲದ ಮನೆಯಲ್ಲಿ, ಒಬ್ಬಳೇ ನಾಚಿಕೊಂಡು ನಿಲ್ಲುವುದೆಂದರೆ ನಿಮಗೆ ನಗು ಬರಬಹುದು. ನಗಿರಿ, ಬೇಡವೆನ್ನುವುದಿಲ್ಲ. ಪೂರ್ತಿ ಕೇಳಿ ನಗಿರಿ ಅಷ್ಟೆ.

ಆ ವಾಸನೆ ದತ್ತೋಬಾನ ಫೋಟೋ ಸ್ಟುಡಿಯೋದ್ದು. ಎಪ್ಪತ್ತರ ದಶಕದ ಮಾತು. ಮನುಷ್ಯ ಚಂದ್ರನ ಮೇಲೆ ನಡೆದಾಡಿ ಬಂದಿದ್ದ. ನಮ್ಮ ಊರಲ್ಲಿ ಅರ್ಧ ಜನ ಅದನ್ನು ಇನ್ನೂ ನಂಬಿರಲಿಲ್ಲ, ನಂಬಿದವರಿಗೆ ಅದರಿಂದ ಏನೂ ಆಗಿರಲಿಲ್ಲ. ದತ್ತೋಬಾ ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದು ನಮ್ಮ ಬಜಾರಿನಲ್ಲಿ, ಅರಿವೆ ಅಂಗಡಿಯ ಪಕ್ಕದಲ್ಲಿ, ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದ. ಮುಂದೆ ಒಂದು ಕುರ್ಚಿ, ಅದರ ಹಿಂದೆ ಕೊಳ ಮತ್ತು ಬಾತುಕೋಳಿ ಬರೆದ ಪರದೆ. ಕಪ್ಪು ಬಟ್ಟೆ ಇಳಿಬಿಟ್ಟ ಒಳಖೋಲಿಯಿಂದ ಫೋಟೋ ತೊಳೆಯುವ ನೀರಿನ ಈ ವಾಸನೆ ಬೀದಿಯವರೆಗೂ ಬರುತ್ತಿತ್ತು. ಹೊಟ್ಟೆಪಾಡಿಗೆ ಮದುವೆಯ ಜೋಡಿಗಳು, ಪರೀಕ್ಷೆಗೆ ಕೂರುವ ಹುಡುಗರು, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿದ ಹಿರಿಯರು. ಖಯಾಲಿಗೆ ಮಾತ್ರ ಬೀದಿ.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಕ್ಯಾಮರಾ ಕೊರಳಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಚಕ್ಕಡಿಯ ಕೆಳಗೆ ಮಲಗಿದವನು, ಬೇವಿನ ಮರದಡಿ ಕ್ಷೌರಕ್ಕೆ ಕತ್ತು ಬಗ್ಗಿಸಿದವನು, ಬಸ್ಸು ಹೋದ ಮೇಲೂ ಗಂಟಿನ ಮೇಲೆ ಕುಳಿತೇ ಇದ್ದ ಮುದುಕಿ. ಅವನ್ನೆಲ್ಲ ದೊಡ್ಡದಾಗಿ ತೊಳೆದು ಅಂಗಡಿಯ ಮುಂದಿನ ಗಾಜಿನ ಶೋಕೇಸಿನಲ್ಲಿ ಮದುವೆಯ ಜೋಡಿಗಳ ನಡುವೆ ಹಚ್ಚುತ್ತಿದ್ದ. ಸಂತೆಗೆ ಬಂದವರು ನಿಂತು ನೋಡುತ್ತಿದ್ದರು. ಇದೇನು, ಯಾಕೆ ಕುಳಿತಿದ್ದಾಳೆ ಈಕೆ ಎಂದು ಯಾರಾದರೂ ಕೇಳಿದರೆ ದತ್ತೋಬಾ, "ನನಗೇನ ಗೊತ್ತರೀ, ನೀವ ಹೇಳ್ರಿ" ಎನ್ನುತ್ತಿದ್ದ. ಜನ ಹೇಳುತ್ತಿದ್ದರು. ಮಗಳ ಮನೆಗೆ ಹೊರಟು ಮನಸ್ಸು ಮುರಿದಿದೆ ಎಂದು ಒಬ್ಬರು, ಬಸ್ಸಿನಲ್ಲಿ ಬೇಡವಾದವರನ್ನು ಕಂಡು ಹತ್ತಲಿಲ್ಲ ಎಂದು ಇನ್ನೊಬ್ಬರು. ಒಂದು ಫೋಟೋಕ್ಕೆ ಎಷ್ಟು ಮಂದಿಯೋ ಅಷ್ಟು ಕತೆ.

ನನ್ನ ಕತೆ ಮಾತ್ರ ಎಲ್ಲರದಕ್ಕಿಂತ ಬೇರೆ. ಆಗ ನಾನು ಹೈಸ್ಕೂಲು ಮುಗಿಸಿ, ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂಬ ತೀರ್ಮಾನಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಅಣ್ಣ ಹತ್ತಿ ದಲಾಲರ ಅಡತಿ ಅಂಗಡಿಯಲ್ಲಿ ಗುಮಾಸ್ತ. ವಾಚನಾಲಯದ ಹಳೆಯ ವಾರಪತ್ರಿಕೆಗಳನ್ನು ತರುತ್ತಿದ್ದ. ಅವುಗಳಲ್ಲಿ ಬರುತ್ತಿದ್ದ ವೈಜ್ಞಾನಿಕ ಕತೆಗಳೆಂದರೆ ನನಗೆ ಊಟ ಬೇಡ. ಬೇರೆ ಗ್ರಹದವರು, ಕಾಲದಲ್ಲಿ ಹಿಂದೆ ಹೋಗುವ ಯಂತ್ರ, ಯೋಚನೆ ಮಾಡುವ ಕಬ್ಬಿಣದ ಮನುಷ್ಯ. ಒಂದೇ ಬೇಜಾರೆಂದರೆ ಆ ಕತೆಗಳಲ್ಲಿ ನಮ್ಮಂಥವರು ಯಾರೂ ಇರುತ್ತಿರಲಿಲ್ಲ. ಹಾಗಾಗಿ ದತ್ತೋಬಾನ ಶೋಕೇಸಿನಿಂದ ಜನರನ್ನು ಎತ್ತಿಕೊಂಡು ಹೋಗಿ ಆ ಕತೆಗಳೊಳಗೆ ಇಳಿಸುತ್ತಿದ್ದೆ. ಗಂಟಿನ ಮೇಲಿನ ಮುದುಕಿ ಕಾಯುತ್ತಿದ್ದುದು ನವಲಗುಂದದ ಬಸ್ಸಿಗಲ್ಲ, ಶುಕ್ರನಿಂದ ಬರಬೇಕಾದ ವಾಹನಕ್ಕೆ. ಗಂಟಿನಲ್ಲಿ ಅವರಿಗೆಂದು ಕಟ್ಟಿಕೊಂಡ ರೊಟ್ಟಿ.

ಇವನ್ನು ಕೇಳುತ್ತಿದ್ದವಳು ಒಬ್ಬಳೇ, ಅಣ್ಣನ ಹೆಂಡತಿ ನೀಲವ್ವ ವೈನಿ. ತಿರ್ಲಾಪುರದವಳು, ನನಗಿಂತ ಸ್ವಲ್ಪ ದೊಡ್ಡವಳು, ಅಕ್ಷರ ಕೂಡಿಸಿ ಓದುವಷ್ಟು ಕಲಿತವಳು. ನಮ್ಮ ಅವ್ವ ಕೆಟ್ಟವಳಲ್ಲ, ಆದರೆ ದನಿ ದೊಡ್ಡದು. ಹಿತ್ತಲಿನಿಂದ "ನೀಲವ್ವಾ" ಎಂದರೆ ಮುಂದಿನ ಓಣಿಯ ನೀಲವ್ವನೂ ಏಳಬೇಕು. ಊರಿಗೆ ನೀರಿನ ತಾಪತ್ರಯ. ದಿನಾ ಕೆರೆಯಿಂದ ಕೊಡ ಹೊತ್ತು ವೈನಿಯ ಕತ್ತು ಒಂದು ಕಡೆಗೆ ನೋಯುತ್ತಿತ್ತು. ಹೀಗಾಗಿ ಒಂದು ಮಧ್ಯಾಹ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಾಗ, ಆಕೆಗೆಂದೇ ಚಂದ್ರಲೋಕದ ಒಂದು ಕತೆ ಕಟ್ಟಿದೆ. ವೈನಿ ನಕ್ಕಳು. ಸೆರಗು ಜಾರಿದ್ದೂ ಗೊತ್ತಾಗದಷ್ಟು ನಕ್ಕಳು. ಓಣಿಯ ತಿರುವಿನಲ್ಲಿ ದತ್ತೋಬಾ ನಿಂತದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಸುದ್ದಿ ತಂದವಳು ಗಂಗಕ್ಕ, ಓಣಿಯ ಕೊನೆಯ ಮನೆಯಾಕೆ. ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಅವ್ವನಿಗೆ ಹೇಳಿದಳು:

"ನಿಮ್ಮ ಸೊಸಿ ಪ್ಯಾಟ್ಯಾಗ ಹಲ್ಲು ಕಿಸಕೊಂಡು ಕುಂತಾಳ ನೋಡ್ರಿ ಯವ್ವಾ. ಗಾಜಿನ ಪೆಟಗ್ಯಾಗ. ಮ್ಯಾಲೊಂದು ಗಂಡಸಿನ ಕೈ ಐತಿ."

ಗಂಡಸಿನ ಕೈ! ಅದು ನನ್ನ ಕೈ. ಚಿತ್ರದಲ್ಲಿ ನಾನು ಪೂರ್ತಿ ಬಿದ್ದಿರಲಿಲ್ಲ. ಕತೆ ಹೇಳುತ್ತ ಮೇಲಕ್ಕೆತ್ತಿದ ಎಡಗೈ ಅಷ್ಟೇ ಅಂಚಿನಿಂದ ಒಳಗೆ ಚಾಚಿತ್ತು. ತೀರಿಕೊಂಡ ಅಪ್ಪನ ದೊಡ್ಡ ಕೈಗಡಿಯಾರವನ್ನು ಆ ಕೈಗೆ ಕಟ್ಟಿಕೊಳ್ಳುತ್ತಿದ್ದೆ. ಬಹಳ ಸಲ ನಿಂತೇ ಇರುತ್ತಿತ್ತು, ಆದರೂ ಕಟ್ಟಿಕೊಂಡರೆ ಓದಿದವಳಂತೆ ಕಾಣುತ್ತೇನೆಂಬ ಭ್ರಮೆ. ಅದಕ್ಕಾಗಿ ಆ ಕೈಯ ಬಳೆ ತೆಗೆದಿದ್ದೆ. ಬಳೆಯಿಲ್ಲದ ಕೈ, ಗಂಡಸಿನ ಗಡಿಯಾರ, ಎದುರಿಗೆ ಸೆರಗು ಜಾರಿ ನಗುತ್ತಿರುವ ಮನೆತನಸ್ಥರ ಸೊಸೆ. ಬಜಾರಿನವರಿಗೆ ಇನ್ನೇನು ಬೇಕು? ಗಂಟಿನ ಮೇಲಿನ ಮುದುಕಿಗೆ ಕಟ್ಟಿದಷ್ಟೇ ಸಲೀಸಾಗಿ ಇದಕ್ಕೂ ಕತೆ ಕಟ್ಟಿದ್ದರು.

ಅಣ್ಣ ಆ ಹೊತ್ತಿಗೆ ಎಂದೂ ಮನೆಗೆ ಬರುವವನಲ್ಲ. ಅಂದು ಬಂದ. ಮುಖ ನೋಡಲಾಗುತ್ತಿರಲಿಲ್ಲ.

"ಯಾರ ಕೈ ಅದು?" ಎಂದು ವೈನಿಯನ್ನು ಕೇಳಿದ.

"ನಿಮ್ಮ ತಂಗೀದ್ರಿ," ಎಂದಳು ವೈನಿ, ಗೋಡೆಯ ಕಡೆ ಮುಖ ಮಾಡಿ.

"ನಂದ ಅದು ಅಣ್ಣಾ. ಅಪ್ಪನ ಗಡಿಯಾರ ಗುರ್ತು ಸಿಗಲಿಲ್ಲೇನು ನಿನಗ?"

ಅವನು ಗಡಿಯಾರ ನೋಡಿದ, ನನ್ನನ್ನು ನೋಡಿದ. ನಂಬಿದ. ಆದರೆ ತಲೆ ಹಿಡಿದುಕೊಂಡು ಕುಳಿತುಬಿಟ್ಟ. "ನಾ ನಂಬಿದ್ರ ಏನ ಬಂತು? ಬಜಾರಕ್ಕ ಏನಂತ ಹೇಳ್ಲಿ? ಒಬ್ಬೊಬ್ಬರನ್ನ ಹಿಡದು ಹೇಳಲೇನು?"

"ನಾಕ ದಿನ ತಿರ್ಲಾಪುರಕ್ಕ ಹೋಗಿ ಇರ್ಲಿ. ಮಾತು ತಣ್ಣಗಾಗ್ಲಿ," ಎಂದಳು ಅವ್ವ.

ಹಾಗೆ ನಾಲ್ಕು ದಿನಕ್ಕೆಂದು ತವರಿಗೆ ಹೋಗಿ ಮತ್ತೆ ಬಾರದವರು ಪ್ರತಿ ಓಣಿಯಲ್ಲೂ ಒಬ್ಬಿಬ್ಬರಿದ್ದರು. ವೈನಿ ಅಳಲಿಲ್ಲ. ಒಳಗೆ ಹೋಗಿ ಸೀರೆಗಳನ್ನು ಮಡಚತೊಡಗಿದಳು. ಆ ಮಡಚುವ ಕ್ರಮ ನೋಡಲಾಗದೆ ನಾನು ಹೊರಗೆ ಬಂದು, "ಅಣ್ಣಾ, ನಡಿ. ನನ್ನ ಬಜಾರಕ್ಕ ಕರಕೊಂಡು ಹೋಗು," ಎಂದೆ.

ಅಂದು ಸಂತೆ. ಶೋಕೇಸಿನ ಮುಂದೆ ಆಗಲೇ ಜನ. ಅಣ್ಣನನ್ನು ಕಂಡು ಸ್ವಲ್ಪ ಸರಿದರು, ಹೋಗಲಿಲ್ಲ. ದತ್ತೋಬಾ ಹೊರಗೆ ಬಂದ. ಅಣ್ಣ ಅಂಗಿಯ ಕೊರಳಪಟ್ಟಿ ಹಿಡಿಯುತ್ತಾನೆಂದು ಎಲ್ಲರೂ ಕಾಯುತ್ತಿದ್ದರು. ಅವನು, "ತಗೀ ಅದನ್ನ," ಎಂದಷ್ಟೇ ಹೇಳಿದ.

"ತಪ್ಪಾತ್ರಿ," ಎಂದ ದತ್ತೋಬಾ. "ಕೇಳಬೇಕಿತ್ತು ನಾ. ಅಷ್ಟು ಛಂದ ನಗು ಯಾವತ್ತೂ ಸಿಕ್ಕಿದ್ದಿಲ್ಲರೀ." ಅದನ್ನು ಅವನು ಹೇಳಬಾರದಿತ್ತು. ಹೇಳಿದ ಕೂಡಲೇ ಅವನಿಗೂ ತಿಳಿಯಿತು. ತಲೆ ತಗ್ಗಿಸಿ ಗಾಜು ಸರಿಸತೊಡಗಿದ.

"ತಡೀರಿ," ಎಂದೆ ನಾನು. ಫೋಟೋದ ಪಕ್ಕಕ್ಕೆ ಹೋಗಿ ಗಾಜಿಗೆ ಒತ್ತಿ ಎಡಗೈ ಎತ್ತಿ ಹಿಡಿದೆ. ಬೆರಳು ಎಷ್ಟು ಅಗಲಿವೆ, ಮಣಿಕಟ್ಟು ಎಷ್ಟು ಬಾಗಿದೆ ಎಂದು ನೋಡಿ ನೋಡಿ ಹಾಗೆಯೇ ಹಿಡಿದೆ. ಗಡಿಯಾರದ ಗಾಜಿನಲ್ಲಿ ಒಂದು ಸೀಳು ಇತ್ತು; ಚಿತ್ರದಲ್ಲೂ ಕಾಣುತ್ತಿತ್ತು. "ನೋಡ್ರಿ. ನನ್ನ ಕೈ ಇದು. ಬಂದು ನೋಡ್ರಿ." ಬಂದರು. ಬಗ್ಗಿ ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದನ್ನು ನೀವು ನೋಡಿರಬೇಕು. ಕಂಕುಳು ಬೆವೆತು ಕುಪ್ಪಸ ಒದ್ದೆಯಾದದ್ದು ಎಲ್ಲರಿಗೂ ಕಾಣುತ್ತಿದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು.

ಅರಿವೆ ಅಂಗಡಿಯ ಸಾವುಕಾರರು ಗಾದಿಯಿಂದ ಎದ್ದು ಬಂದಿದ್ದರು. "ಕೈ ನಿಂದಾತಬೇ ತಂಗಿ. ಮತ್ತ ಕೈ ಎತ್ತಿ ಏನ ಹೇಳಾಕತ್ತಿದ್ದಿ? ಆಕಿ ಇಷ್ಟ್ಯಾಕ ನಕ್ಕಳು?"

"ಕತಿ ಹೇಳಾಕತ್ತಿದ್ನಿರಿ. ಚಂದ್ರಲೋಕದ್ದು."

ಯಾರೋ ಕಿಸಕ್ಕೆಂದರು. ಅಣ್ಣ, "ನಡಿ ಮನಿಗೆ," ಎಂದ. ಆದರೆ ಅರ್ಧಕ್ಕೆ ಬಿಟ್ಟರೆ ಉಳಿದರ್ಧವನ್ನು ಇವರೇ ಕಟ್ಟಿಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಲ್ಲೆ ತುಂಬಿದ ಕೊಡ ಚರಗಿಯಷ್ಟ ಹಗುರ ಇರ್ತೈತ್ರಿ. ನಮ್ಮೂರ ಹೆಣಮಗಳು ಒಬ್ಬಾಕಿ ಅಲ್ಲೆ ನೀರಿಗೆ ಹೋಗ್ತಾಳ. ಒಂದು ಹೆಜ್ಜಿ ಹಾಕಿದ್ರ ಇಷ್ಟೆತ್ತರ ಹಾರತಾಳ. ಅದನ್ನ ಕೈ ಮಾಡಿ ತೋರಸಾಕತ್ತಿದ್ನಿ."

"ಅಲ್ಲೆ ನೀರೈತೇನ?" ಬದನೆಕಾಯಿ ಮಾರುತ್ತ ಕುಳಿತಿದ್ದ ಮುದುಕಿ ಕೇಳಿದಳು.

"ಕತ್ಯಾಗ ಐತ್ರಿ."

"ಆತು, ಅದರಾಗ ನಗೂದೇನೈತಿ?" ಸಾವುಕಾರರು ಬಿಡಲಿಲ್ಲ.

ನಗುವುದು ಇನ್ನೂ ಮುಂದಿತ್ತು. ಅದನ್ನು ಬಜಾರಿನಲ್ಲಿ ನಿಂತು, ಅಣ್ಣನ ಎದುರಿಗೆ ಹೇಳಬೇಕಲ್ಲ. ಕಣ್ಣು ನೆಲಕ್ಕೆ ನೆಟ್ಟು ಹೇಳಿದೆ: "ಭೂಮಿ ಮ್ಯಾಲಿಂದ ಅತ್ತಿ ಒದರತಾಳ್ರಿ. ಎಷ್ಟ ಒದರಿದ್ರೂ ಸೊಸಿಗೆ ಕೇಳಂಗಿಲ್ಲ. ಅಲ್ಲೆ ಗಾಳೀನ ಇಲ್ಲಲ್ರಿ."

ಮೊದಲು ಬದನೆಕಾಯಿಯ ಮುದುಕಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ. ಅವಳನ್ನು ನೋಡಿ ಸಂತೆಯ ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡರು. ಸಾವುಕಾರರು "ಆತಾತು" ಎನ್ನುತ್ತ ಗಾದಿಗೆ ಹೋದರು. ದತ್ತೋಬಾ ಫೋಟೋವನ್ನೂ ಅದರ ನೆಗೆಟಿವನ್ನೂ ಲಕೋಟೆಗೆ ಹಾಕಿ ಅಣ್ಣನ ಕೈಗೆ ಕೊಟ್ಟ. ಅಣ್ಣ ಅದನ್ನು ಮನೆಗೆ ತಂದು, ನೆಟ್ಟಗೆ ಬಚ್ಚಲಿಗೆ ಹೋಗಿ, ನೀರೊಲೆಯೊಳಗೆ ತಳ್ಳಿದ. ವೈನಿ ಮಡಚಿದ ಸೀರೆಗಳ ಮುಂದೆ ಕುಳಿತೇ ಇದ್ದಳು. "ಇಡು ಅವನ್ನ ಒಳಗ," ಎಂದ ಅಣ್ಣ.

ಒದರುವ ಅತ್ತೆಯ ಕತೆ ಸಂಜೆಯೊಳಗೆ ಅವ್ವನ ಕಿವಿ ಮುಟ್ಟಿತು. ಸಿಡಿಯುತ್ತಾಳೆಂದು ನಾವಿಬ್ಬರೂ ಅಡುಗೆಮನೆಯಲ್ಲಿ ಮೈ ಮುದುಡಿ ಕುಳಿತೆವು. ಅವ್ವ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ವೈನಿಯನ್ನಲ್ಲ, ನನ್ನನ್ನು ಕೇಳಿದಳು: "ನಾ ಅಷ್ಟು ಒದರತೀನೇನ?"

ಬಜಾರಿನಲ್ಲೂ ಆಗದಷ್ಟು ನಾಚಿಕೆ ನನಗೆ ಆಗ ಆಯಿತು. ವೈನಿ, "ಇಲ್ರಿ ಅತ್ತೀ, ಇಲ್ರಿ," ಎಂದು ಏನೇನೋ ತೊದಲಿದಳು. ಅವ್ವ ಹಿಂದೆ ಸರಿದು ದೇವರ ಮುಂದೆ ದೀಪ ಹಚ್ಚಲು ಹೋದಳು. ಅಂದಿನಿಂದ ಅವಳು ಹಿತ್ತಲಿನಿಂದ ಕೂಗುವುದು ನಿಂತಿತು. ಏನಾದರೂ ಬೇಕಾದರೆ ನೋಯುವ ಮೊಣಕಾಲು ಎಳೆದುಕೊಂಡು ವೈನಿಯ ತನಕ ನಡೆದು ಬಂದು ಹೇಳುತ್ತಿದ್ದಳು. ಆ ನಡಿಗೆ ನೋಡುವುದಕ್ಕಿಂತ ಆ ಕೂಗೇ ವಾಸಿ ಎನ್ನಿಸುತ್ತಿತ್ತು.

ಅಳ್ನಾವರದ ಒಂದು ಮನೆತನದವರು ನನ್ನನ್ನು ನೋಡಲು ಬರುವವರಿದ್ದರು. ಬಜಾರಿನಲ್ಲಿ ಕೈ ಎತ್ತಿ ಕತೆ ಹೇಳುವ ಹುಡುಗಿ ಬೇಡವೆಂದು ಹೇಳಿ ಕಳಿಸಿದರು. ಅಣ್ಣ ಆಗ ನನ್ನನ್ನು ಮುಂದೆ ಓದಿಸಿದ. ಮಾಸ್ತರಿಕೆ ಸಿಕ್ಕಿತು, ಮದುವೆಯೂ ತಡವಾಗಿ ಆಯಿತು. ಇತ್ತ ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ವೈನಿಯನ್ನು ಬಿಡುತ್ತಿರಲಿಲ್ಲ. ಮುಂದೇನಾಯಿತು, ಅಲ್ಲಿ ರೊಟ್ಟಿ ಬಡಿದರೆ ಹಾರಿ ಹೋಗುವುದಿಲ್ಲವೇ, ಅಲ್ಲಿ ಗಂಡಸರು ಇದ್ದಾರೋ ಇಲ್ಲವೋ? ವೈನಿ ಬಂದು ನನ್ನನ್ನು ಕೇಳುವಳು, ನಾನು ಹೇಳುವೆ, ಮರುದಿನ ಅದು ಕೆರೆಗೆ ಹೋಗಿ ಇನ್ನಷ್ಟು ಸೇರಿಸಿಕೊಂಡು ಬರುವುದು. ಮುಂದೆ ನನ್ನ ಹೆಸರಿನಲ್ಲಿ ಅಚ್ಚಾದ ಕತೆಗಳಲ್ಲಿ ಅರ್ಧ ಆ ಕೆರೆಯವು.

ದತ್ತೋಬಾ ಮಾತ್ರ ಮತ್ತೆ ಓಣಿಗೆ ಬರಲಿಲ್ಲ. ಶೋಕೇಸಿನಲ್ಲಿ ಬಾತುಕೋಳಿಯ ಮುಂದೆ ಬಿಗಿದುಕೊಂಡು ಕುಳಿತವರಷ್ಟೇ ಉಳಿದರು. ಯಾರೂ ಅಲ್ಲಿ ನಿಂತು ಕತೆ ಕಟ್ಟುತ್ತಿರಲಿಲ್ಲ. ಕೆಲ ವರ್ಷಗಳಲ್ಲಿ ಅವನು ಅಂಗಡಿ ಮುಚ್ಚಿ ಬೆಳಗಾವಿ ಕಡೆ ಹೋದನೆಂದು ಕೇಳಿದೆ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ ವೈನಿಗೆ ಫೋನು ಮಾಡಿದೆ. ಅಣ್ಣ ತೀರಿಕೊಂಡು ವರ್ಷಗಳಾದವು. ವೈನಿ ಅದೇ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ. ಊಟ, ಮಂಡಿನೋವು ಎಲ್ಲ ಮುಗಿಸಿ ಕೇಳಿದೆ: "ವೈನಿ, ಆ ಫೋಟೋದ ನೆನಪಾದ್ರ ನಿಮಗಿನ್ನೂ ನಾಚಿಕಿ ಅನಸ್ತೈತೇನ್ರಿ?"

"ನಾಚಿಕಿ ಎಲ್ಲಿದು ಬೇ? ನಾ ಅದನ್ನ ನೋಡೇ ಇಲ್ಲ."

ವೈನಿಯೇ ಮುಂದುವರಿಸಿದಳು.

"ಊರೆಲ್ಲಾ ನೋಡ್ತು. ನಿಮ್ಮಣ್ಣ ನೋಡಿದ್ರು. ಒಲಿ ನೋಡ್ತು. ನನಗ ಯಾರ ತೋರಸಿದ್ರು? ನೀ ಹತ್ರ ನಿಂತು ನೋಡಿದಿ ಅಲ್ಲ. ಹೆಂಗ ಕಾಣತಿದ್ನಿ ಹೇಳು."

ಕಣ್ಣು ಮುಚ್ಚಿದೆ. ಗಾಜು ಕಂಡಿತು. ನನ್ನ ಬೆರಳುಗಳು, ಮಣಿಕಟ್ಟು, ಗಡಿಯಾರದ ಸೀಳು, ಎಲ್ಲ ನಿನ್ನೆ ಕಂಡಷ್ಟು ಸ್ಪಷ್ಟ. ಅದರ ಕೆಳಗೆ ವೈನಿಯ ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ. ಇಷ್ಟು ಕತೆ ಕಟ್ಟಿದವಳು ನಾನು, ಒಂದು ಮುಖವನ್ನು ಕಟ್ಟಿ ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನಾ ಬರೇ ಕೈ ನೋಡಿದ್ನಿ ವೈನಿ," ಎಂದೆ.

ಆ ಕಡೆ ಟಿವಿಯ ಸದ್ದು, ಯಾವುದೋ ಮಗುವಿನ ಅಳು. ಅದರ ನಡುವೆ ವೈನಿಯ ದನಿ ಬಂತು.

"ಬಾ ಇಲ್ಲೆ. ಈಗಾದ್ರೂ ನೋಡು."