ಹೊಲಿಗೆಗೆ ಬಿಟ್ಟ ಎರಡು ಬೆರಳು

ನಮ್ಮ ಬೀದಿಯ ಟೈಲರಮ್ಮನ ಕೈಯಿಂದ ಬಿಗಿಯಾದ ವಸ್ತುವೊಂದು ಹೊರಬಂದದ್ದನ್ನು ಕಂಡವರಿಲ್ಲ. ಅಂಗಿಯ ಹೊಲಿಗೆಯ ಒಳಗೆ ಎಲ್ಲ ಟೈಲರುಗಳೂ ಎರಡು ಬೆರಳು ಬಟ್ಟೆ ಬಿಡುತ್ತಾರೆ. ಈಕೆ ದಿಂಬಿನ ಕವರಿಗೂ ಬಿಡುತ್ತಾರೆ, ಮುಂದೆ ದಿಂಬು ದಪ್ಪಗಾದರೆ ಇರಲಿ ಎಂದು. ಒಮ್ಮೆ ರೈಲು ಹಿಡಿಯಲು ಎಷ್ಟು ಬೇಗ ಹೊರಟರೆಂದರೆ, ಅದಕ್ಕಿಂತ ಮುಂಚಿನ ರೈಲೇ ಸಿಕ್ಕಿತು.

ಇಂಥವರು ರೋಬೋಟಿಗೆ ಕೈಹಾಕಿದ್ದು ನಾದಿನಿಯ ಮಂಡಿನೋವಿನಿಂದ. ಅಂಗಡಿಯ ಉದ್ದನೆಯ ಮೇಜಿನ ಈ ತುದಿಯಲ್ಲಿ ಅತ್ತಿಗೆಯ ಮಿಷನ್ನು; ಆ ತುದಿಯಲ್ಲಿ ನಾದಿನಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಾಳೆ. ಗುಂಡಿಯ ಡಬ್ಬಿಗಳಿರುವುದು ಅತ್ತಿಗೆಯ ಪಕ್ಕದಲ್ಲಿ. ಸರಿಸಬಹುದಿತ್ತು, ಆದರೆ ಬಟ್ಟೆಗೆ ಗುಂಡಿಯ ಬಣ್ಣ ಹೊಂದಿಸುವ ಅಧಿಕಾರವನ್ನು ಟೈಲರಮ್ಮ ಯಾರಿಗೂ ಬಿಟ್ಟುಕೊಟ್ಟವರಲ್ಲ.

"ಅತ್ತಿಗೆ, ಒಂದೊಂದು ಗುಂಡಿಗೂ ಎದ್ದು ಬರೋಕೆ ಇನ್ನು ನನ್ನಿಂದ ಆಗಲ್ಲ. ಈ ತಿಂಗಳು ಮುಗಿಸಿ ಮನೇಲಿರ್ತೀನಿ," ಎಂದಳು ನಾದಿನಿ.

ಅವಳಿಲ್ಲದೆ ಅಂಗಡಿ ನಡೆಯದು. ಹಾಗೆಂದು ಬಾಯಿಬಿಟ್ಟು ಹೇಳಲಾರದ ಟೈಲರಮ್ಮ, ಗುಂಡಿಗಳನ್ನು ಮೇಜಿನ ಮೇಲೆಯೇ ಅವಳತ್ತ ಸಾಗಿಸಲೆಂದು, ಎರಡು ಚಕ್ರದ ಪುಟ್ಟ ಗಾಡಿಯನ್ನೂ ಅದನ್ನು ನಡೆಸುವ, ಬೆಂಕಿಪೊಟ್ಟಣದಷ್ಟಿದ್ದ ಮೈಕ್ರೋಕಂಟ್ರೋಲರನ್ನೂ ಕೊಂಡು ತಂದರು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣದ ಆಜ್ಞೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಮ್ ಸಿದ್ಧ. ತುಂಡು ಜೋಡಿಸುವುದು ಅವರಿಗೆ ಹೊಸದೇನಲ್ಲ.

ಮೊದಲ ದಿನ ಗಾಡಿ ನಿಂತಲ್ಲೇ ಬುಗುರಿಯಂತೆ ಸುತ್ತಿತು. ಎರಡು ಮೋಟಾರುಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಿದ್ದವು. ಒಂದರ 'ಮುಂದೆ' ಇನ್ನೊಂದಕ್ಕೆ 'ಹಿಂದೆ'.

"ಥೇಟ್ ನಿಮ್ಮಿಬ್ಬರ ಸಂಸಾರ," ಎಂದಳು ನಾದಿನಿ. "ನಮ್ಮಣ್ಣನೂ ಹೀಗೇ."

ಒಂದು ಮೋಟಾರಿನ ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಗಾಡಿಯ ಸಂಸಾರವಂತೂ ಸರಿಹೋಯಿತು. ಆದರೆ ಅದಕ್ಕೆ ಅಂಗುಲ ತಿಳಿಯದು, ಸೆಕೆಂಡು ಮಾತ್ರ ತಿಳಿಯುತ್ತದೆ. ಮೇಜಿನ ಅಂಚು ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಟೈಲರಮ್ಮ ಸರಿಯಾಗಿಯೇ ಅಳೆದರು. ಅಳೆದು, ಹೊಲಿಗೆಗೆ ಇರಲಿ ಎಂದು ಚೂರು ಸೇರಿಸಿದರು. ಗಾಡಿ ಗುಂಡಿಗಳ ಸಮೇತ ನೆಲಕ್ಕೆ ಧುಮುಕಿತು. ಮರುದಿನವೂ ಧುಮುಕಿತು.

"ಇದನ್ನ ಬಗ್ಗಿ ಎತ್ತೋದಕ್ಕಿಂತ ಎದ್ದು ಬರೋದೇ ವಾಸಿ," ಎಂದಳು ನಾದಿನಿ. "ನಾಳೆಯೂ ಬಿದ್ರೆ ನಾನು ತಿಂಗಳ ಕೊನೆವರೆಗೂ ಕಾಯಲ್ಲ ಅತ್ತಿಗೆ."

ಮರುದಿನ ಗಾಡಿ ಮದುವಣಿಗನ ಗಾಂಭೀರ್ಯದಿಂದ ಸಾಗಿ, ನಾದಿನಿಯ ಕೈಯೆದುರು ನಿಂತಿತು. ಅವಳು ಗುಂಡಿ ಎತ್ತಿಕೊಂಡಳು, ಸೂಜಿಗೆ ದಾರ ಪೋಣಿಸಿದಳು. ಆ ಅಂಗಿಯ ಗುಂಡಿಗಳನ್ನೆಲ್ಲ ಹೊಲಿದು ಮುಗಿಸಿದಳು.

"ಸರಿ, ಇರ್ತೀನಿ," ಎಂದಳು ಕೊನೆಗೆ. "ಅಂತೂ ಸೆಕೆಂಡು ಕಡಿಮೆ ಮಾಡಿದ್ರಲ್ಲ, ಅದೇ ದೊಡ್ಡದು."

"ಕಡಿಮೆ ಮಾಡೋಕೆ ಕೈ ಬರಲಿಲ್ಲ ಕಣೇ," ಎಂದರು ಟೈಲರಮ್ಮ. "ಬೆಳಗ್ಗೆ ನೀನು ಬರೋ ಮುಂಚೆ ಬಡಗೀನ ಕರೆಸಿ ಮೇಜಿನ ತುದಿಗೆ ಎರಡು ಬೆರಳು ಹಲಗೆ ಸೇರಿಸಿ ಹೊಡೆಸಿದೆ."