ಗಂಟೆ ಬಿಚ್ಚಿದ ಎತ್ತು

ಸಾವಿನ ಮುಂದೆ ದೊರೆಯೂ ಒಂದೇ, ದನವೂ ಒಂದೇ; ಅದರ ತೀರ್ಪಿಗೆ ಮೇಲ್ಮನವಿ ಇಲ್ಲ ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ನಮ್ಮ ಮಲ್ಲ್ಯಾನನ್ನು ನೋಡಿರಲಿಲ್ಲ.

ಇಂದು ಬೆಳಿಗ್ಗೆ ಸೊಸೆ ಹಿತ್ತಾಳೆ ಸಾಮಾನಿಗೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಠಣ್ ಎಂದಿತು. ನಾನು ಚಹಾ ಬಿಟ್ಟು ಓಡಿ, ಹಳೆಯ ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದೆ.

"ಏನಾತ್ರಿ ಮಾಮಾ?" ಎಂದಳು.

ಹೆದರಿದೆನೆಂದು ಸೊಸೆಗೆ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು.

ನಿಜಾಮರ ಕಾಲ. ನಮ್ಮದು ಬೀದರಿನ ಮಗ್ಗುಲಿನ ಅಷ್ಟೂರ. ಆ ವರ್ಷ ಔರಾದ ಕಡೆಯಿಂದ ದನಗಳ ದೊಡ್ಡ ಬೇನೆ ಊರೂರು ದಾಟಿ ಬಂದು ಕೊಟ್ಟಿಗೆಗಳನ್ನು ಬರಿದು ಮಾಡಿತು. ಸರ್ಕಾರಕ್ಕೂ ಕನಿಕರ ಹುಟ್ಟಿ, ಸತ್ತ ಎತ್ತಿಗೆ ಇಂತಿಷ್ಟು ಎಂದು ಪರಿಹಾರ ಸಾರಿತು. ಕನಿಕರಕ್ಕೆ ಒಂದೇ ಕರಾರು: ಎತ್ತು ಮೊದಲು ಸಾಯಬೇಕು.

ಭಾಲ್ಕಿ ಸಂತೆಯಿಂದ ತಂದ ನಮ್ಮ ಜೋಡಿಯಲ್ಲಿ ಒಂದು ಸತ್ತೇಹೋಯಿತು. ಆಮೇಲೆ ಇನ್ನೊಂದು, ಮಲ್ಲ್ಯಾ, ನೆಲ ಹಿಡಿಯಿತು. ಅದು ನಡುಗಿದಾಗಲೆಲ್ಲ ಕೊರಳ ಗಂಟೆ ಅಲುಗುತ್ತಿತ್ತು. ಆ ಸದ್ದು ಕೇಳಲಾರದೆ ಅವ್ವ ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದಳು. ನಮ್ಮಲ್ಲಿ ಎತ್ತಿನ ಗಂಟೆ ಬಿಚ್ಚುವುದು ಅದು ಸತ್ತಾಗ ಮಾತ್ರ. ಪರಿಹಾರ ಹಂಚುವ ಸರ್ಕಾರಿ ಸಾಹೇಬರನ್ನು ಕರೆತಂದ ಊರ ಪಾಟೀಲರು ಬಾಗಿಲಲ್ಲೇ ನಿಂತು ಗೂಟದ ಗಂಟೆ ನೋಡಿದರು, ಅಳುತ್ತಿದ್ದ ಅಪ್ಪನನ್ನು ನೋಡಿದರು, "ಎರಡೂ ಹೋಗ್ಯಾವ್ರಿ" ಎಂದರು. ಬೇನೆಯ ಕೊಟ್ಟಿಗೆಯೊಳಗೆ ಕಾಲಿಡಲು ಸಾಹೇಬರಿಗೂ ಮನಸ್ಸಿರಲಿಲ್ಲ. ಎರಡರ ರೊಕ್ಕ ಕೊಟ್ಟರು; ಸತ್ತ ಒಂದರದೇ ಎಂದು ತಿಳಿದ ಅಪ್ಪ ಎಣಿಸದೆ ಧೋತರದ ಚುಂಗಿಗೆ ಕಟ್ಟಿಕೊಂಡ.

ಕೆಲವು ದಿನ ಕಳೆದು ಮಲ್ಲ್ಯಾ ಎದ್ದು ನಿಂತು ಅಂಬಲಿ ಕುಡಿಯಿತು. ನಮ್ಮ ಸಂತೋಷ ಪಾಟೀಲರು ಬರುವವರೆಗೆ ಬಾಳಿತು.

"ಇದು ಯಾಕ ಎದ್ದದ?" ಎಂದರು, ಎತ್ತು ತಮ್ಮ ಅಪ್ಪಣೆ ಕೇಳಬೇಕಿತ್ತೆಂಬಂತೆ. "ನಾಳಿ ಸಾಹೇಬ್ರು ಮತ್ತ ತಪಾಸಕ್ಕ ಬರ್ತಾರ. ಸುಳ್ಳು ಹೇಳಿ ರೊಕ್ಕ ತೊಗೊಂಡವನಿಗಿ ಮೊನ್ನಿ ಬೇಡಿ ಹಾಕಿ ಒಯ್ದಾರ."

"ತಿರುಗಿ ಕೊಡ್ತೇನ್ರಿ," ಎಂದ ಅಪ್ಪ.

"ಕೊಟ್ರ, ತೊಗೊಂಡಿದ್ದಿ ಯಾಕ ಅಂತಾರ. ಮುಂಜಾನಿ ಒಳಗ ಇದು ಸಾಯಬೇಕು, ನೋಡು."

ಅವ್ವ ಒಲೆಯ ಮುಂದಿನಿಂದಲೇ, "ಅಷ್ಟು ಗಡಿಬಿಡಿ ಇದ್ರ ನೀವ ಸಾಯ್ರಿ, ಪಾಟೀಲ್ರ" ಎಂದಳು. ಅಂಥ ಹೊತ್ತಿನಲ್ಲೂ ಮರ್ಯಾದೆ ಬಿಟ್ಟವಳಲ್ಲ.

ಆದರೆ ಅಪ್ಪನ ಕಣ್ಣು ಮೂಲೆಯ ಕೊಡಲಿಯ ಮೇಲಿತ್ತು. ಅದನ್ನು ಕಂಡು ನಾನು ಹೊರಗೆ ಓಡಿದೆ.

ಊರಾಚೆಯ ಗುಮ್ಮಟಗಳನ್ನು ಕಾಯುತ್ತಿದ್ದ ಚಾಂದಸಾಬ ನನ್ನ ಗೋಳು ಕೇಳಿ, "ಇಲ್ಲಿಗಿ ಹೊಡ್ಕೊಂಡ್ ಬಾ ಬೇಟಾ. ಒಳಗ ಬಾದಶಹರು ಮಲಗ್ಯಾರ. ಸತ್ತವ್ರಾಗ ಒಂದು ಎತ್ತು ಹೆಚ್ಚಾದ್ರ ಅವ್ರೇನು ಜಗಳ ತೆಗಿಯೂದಿಲ್ಲ" ಎಂದ.

ಮೀಸೆ ಬಂದು ಮದುವೆಯೂ ಆಗಿದ್ದ ನಾನು ಮರುದಿನ ಗೋರಿಯ ಮಗ್ಗುಲಲ್ಲಿ ಎತ್ತಿನ ಮೂತಿ ಅಪ್ಪಿಕೊಂಡು ನಿಂತೆ. ನನ್ನ ಹಲ್ಲು ಕಟಕಟಿಸುವ ಸದ್ದನ್ನು ಗುಮ್ಮಟ ಎರಡೆರಡು ಸಲ ಹೇಳುತ್ತಿತ್ತು. ತಪಾಸಣೆ ಮುಗಿಸಿದ ಸಾಹೇಬರಿಗೆ ಗುಮ್ಮಟ ನೋಡುವ ಆಸೆಯಾದೀತೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊರಗೆ ಬೂಟಿನ ಸಪ್ಪಳ. ಮಲ್ಲ್ಯಾ ಒಮ್ಮೆ ಕೆಮ್ಮಿತು; ಒಂದು ಹಿಂಡೇ ಕೆಮ್ಮಿದಂತಾಯಿತು.

ಬಾಗಿಲ ಬೆಳಕು ಮುಚ್ಚಿತು.

"ಸತ್ತ ಎತ್ತು ಇದೇ ಏನು?" ಸಾಹೇಬರು ಮುರುಕು ಕನ್ನಡದಲ್ಲಿ ಕೇಳಿದರು.

ಸುಳ್ಳು ಹೇಳಲು ಧೈರ್ಯ ಬೇಕು. ನನ್ನಲ್ಲಿರಲಿಲ್ಲ. "ಹೌದ್ರಿ" ಎಂದೆ.

ಅವರು ಎತ್ತನ್ನು ನೋಡಿದರು, ಗೋರಿಯನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಅನ್ನದೆ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಮೌನಕ್ಕೆ ಹೆದರಿ ನಾವು ಮಳೆಗಾಲವಿಡೀ ಕುದುರೆಯ ಸಪ್ಪಳ ಕೇಳಿದಾಗಲೆಲ್ಲ ಬಾಗಿಲು ಹಾಕಿದೆವು. ಸದ್ದು ಕೇಳಿ ಯಾರಾದರೂ ಬಂದಾರೆಂದು ಅವ್ವ ಗಂಟೆಯನ್ನು ಮತ್ತೆ ಕಟ್ಟಲೇ ಇಲ್ಲ.

ಸೊಸೆ ಇನ್ನೂ ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಬೆರಳು ಸಡಿಲಿಸಿದೆ. "ಬಾರ್ಸವ್ವ" ಎಂದೆ. ಬಾರಿಸಿದಳು. ಯಾರೂ ಬರಲಿಲ್ಲ.

ಬೇನೆಯ ಆ ವರ್ಷ ಸರ್ಕಾರದವರು ಕಂದಾಯದ ಜೊತೆ ಒಂದು ಎತ್ತಿನ ರೊಕ್ಕ ವಾಪಸು ವಸೂಲು ಮಾಡಿ ಸುಮ್ಮನಾದರು. ಮಲ್ಲ್ಯಾ ಇನ್ನೂ ಹಲವು ಸುಗ್ಗಿ ದುಡಿದು ಸತ್ತಿತು; ನಾವು ಸರ್ಕಾರಕ್ಕೆ ತಿಳಿಸಲಿಲ್ಲ.