ಮೊದಲ ಸಾಲಿನ ಸಹಿ

ಪರ್ತ್ ನಗರದ ಅಂಚಿನ ಹ್ಯಾರಿಸ್‌ಡೇಲಿನ ಆ ಬೀದಿಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೇಳುವುದು ಒಂದೇ ಸದ್ದು. ಬಸ್ಸು ನಿಂತು, ಅದರ ಬಾಗಿಲು ಉಸ್ಸೆಂದು ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಲ್ಲ ಮನೆಗಳ ಕಾರುಗಳೂ ಕೆಲಸಕ್ಕೆ ಹೋಗಿಯಾಗಿರುತ್ತವೆ. ಬಸ್ಸು ಹತ್ತುವವರು ಹೆಚ್ಚಿನ ದಿನ ಒಬ್ಬರೇ, ಊಟದ ಡಬ್ಬಿಯ ಚೀಲ ಹಿಡಿದ ಕಸ್ತೂರಿ.

ಅವರಿಗೀಗ ಅರವತ್ತೊಂಬತ್ತು. ಬೆಂಗಳೂರಿನ ವಿಧಾನಸೌಧದಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರು. ಸದನಕ್ಕೆ ಹೋಗುವ ಟಿಪ್ಪಣಿ, ಸದನದಿಂದ ಬರುವ ಉತ್ತರ, ಎರಡೂ ಅವರ ಬೆರಳುಗಳ ಕೆಳಗೇ ಹಾದುಹೋದವು. ನಿವೃತ್ತಿಯಾದ ಮೇಲೆ ಗಂಡನೊಂದಿಗೆ ಪರ್ತ್‌ಗೆ, ಡಾಕ್ಟರಾಗಿರುವ ಮಗಳು ಭಾವನಾಳ ಮನೆಗೆ ಬಂದರು. ಮೂರು ವರ್ಷದ ಕೆಳಗೆ ಗಂಡ ಸತ್ಯನಾರಾಯಣರಿಗೆ ಲಕ್ವ ಹೊಡೆಯಿತು. ಈಗ ಅವರಿರುವುದು ಆರು ಕಿಲೋಮೀಟರ್ ಆಚೆಯ ಆರೈಕೆ ಕೇಂದ್ರದಲ್ಲಿ. ಅಲ್ಲಿಯ ಹುಡುಗಿಯರು ಪ್ರೀತಿಯಿಂದಲೇ ಚಮಚ ಹಿಡಿಯುತ್ತಾರೆ, ಆದರೆ ಸತ್ಯನಾರಾಯಣರು ಬಾಯಿ ತೆರೆಯುವುದಿಲ್ಲ. ಮಧ್ಯಾಹ್ನ ಕಸ್ತೂರಿ ಬಂದು ಕೈತುತ್ತು ಇಟ್ಟರೆ ಮಾತ್ರ ನುಂಗುತ್ತಾರೆ. ಕಸ್ತೂರಿಗೆ ಕಾರು ಓಡಿಸಲು ಬಾರದು. ಮುಂದಿನ ಬಸ್ಸು ಇರುವುದು ಎರಡು ಗಂಟೆಗೆ.

ಹನ್ನೊಂದರ ಬಸ್ಸನ್ನು ನಿಲ್ಲಿಸುವ ಯೋಚನೆಯಿದೆ ಎಂಬ ಚೀಟಿ ನಿಲ್ದಾಣದ ಕಂಬಕ್ಕೆ ಅಂಟಿದ ದಿನ, ಅವರು ಲ್ಯಾಪ್‌ಟಾಪ್ ತೆರೆದು ರಾಜ್ಯದ ಶಾಸನಸಭೆಗೆ ಅರ್ಜಿ ಟೈಪು ಮಾಡತೊಡಗಿದರು. ಭಾಷೆ ಇಂಗ್ಲಿಷ್, ಕ್ರಮ ಮಾತ್ರ ವಿಧಾನಸೌಧದ್ದು. ಮೇಲೆ ವಿಷಯ, ಉಲ್ಲೇಖ. ಕೊನೆಯಲ್ಲಿ ಅಡಕಗಳು: ನಿಲ್ದಾಣದ ಫೋಟೋ, ಬಸ್ಸಿನ ವೇಳಾಪಟ್ಟಿ, ಪಾಸ್‌ಪೋರ್ಟಿನ ನಕಲು.

"ಪಾಸ್‌ಪೋರ್ಟ್ ಯಾಕಮ್ಮ?" ಎಂದಳು ಭಾವನಾ.

"ಅಡಕ ಇಲ್ದೆ ಫೈಲು ಮುಂದಕ್ಕೆ ಹೋಗಲ್ಲ ಕಣೆ. ಅದರ ಕಾಲಿರೋದೇ ಅಲ್ಲಿ."

ಸಹಿಗೆಂದು ಸಂಜೆಗಳಲ್ಲಿ ಮನೆಮನೆ ತಿರುಗಿದರು. ಎದುರುಮನೆಯ ಎಂಜಿನಿಯರ್ ಉದಯಶಂಕರ್ ಗಿಡಗಳಿಗೆ ನೀರು ಹಾಯಿಸುತ್ತಿದ್ದ.

"ಆಂಟಿ, ನಾನು ಈ ಬಸ್ಸಿನ ಬಣ್ಣ ಕೂಡ ನೋಡಿಲ್ಲ. ಸಹಿ ಹಾಕಿದ್ರೆ ಸುಳ್ಳಾಗಲ್ವಾ?"

"ಕಾರು ಕೆಟ್ಟ ದಿನ ನೋಡ್ತೀಯ, ಹಾಕಪ್ಪ."

"ಮೊದಲನೇ ಸಾಲು ಖಾಲಿ ಇದ್ಯಲ್ಲ, ಅಲ್ಲೇ ಹಾಕ್ಬಿಡ್ಲಾ?"

"ಅಲ್ಲಿ ಬೇಡ. ಅದು ದೊಡ್ಡವರಿಗೆ."

ದೊಡ್ಡವರೆಂದರೆ ಹೃದ್ರೋಗದ ಡಾಕ್ಟರ್ ಪ್ರಶಾಂತ. ಹೆಸರಿನ ಮುಂದೆ ಒಂದು ಹುದ್ದೆಯಿದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ಕಸ್ತೂರಿ ನಂಬಿದ್ದರು. ಡಾಕ್ಟರು ಹೂಂ ಅಂದಿದ್ದರು, ಆಮೇಲೆ ಕೆಲಸದ ಮೇಲೆ ಅಡಿಲೇಡ್‌ಗೆ ಹೋದರು. ನೂರ ಹನ್ನೆರಡು ಸಹಿ ಸೇರಿದವು. ಮೊದಲ ಸಾಲು ಹಾಗೆಯೇ ಉಳಿಯಿತು.

ಮುಂದಿನ ವಾರದ ಅಧಿವೇಶನಕ್ಕೆ ಅರ್ಜಿ ಸೇರಲು ಶುಕ್ರವಾರವೇ ಕೊನೆ. ಭಾವನಾ ಅರ್ಧ ದಿನ ರಜೆ ಹಾಕಿ ಅಮ್ಮನನ್ನು, ಅರ್ಜಿಯನ್ನು ಸದನದಲ್ಲಿ ಮಂಡಿಸಬೇಕಾದ ಶಾಸಕಿಯ ಕಚೇರಿಗೆ ಕಾರಿನಲ್ಲಿ ಕರೆದೊಯ್ದಳು. ಅಲ್ಲಿದ್ದ ಬಿಳಿಗೂದಲಿನ ಸಹಾಯಕಿ ಅಡಕಗಳನ್ನು ಒಂದೊಂದಾಗಿ ಬಿಡಿಸಿ ಹಿಂದಕ್ಕೆ ಕೊಟ್ಟಳು. ಅರ್ಜಿಗೆ ಏನನ್ನೂ ಲಗತ್ತಿಸುವಂತಿಲ್ಲವಂತೆ. ಪಿನ್ನು ತೆಗೆದಲ್ಲಿ ಉಳಿದ ಸಣ್ಣ ತೂತುಗಳನ್ನು ಕಸ್ತೂರಿ ಬೆರಳಿನಿಂದ ಸವರುತ್ತ ಕುಳಿತರು.

"ಮೊದಲ ಹೆಸರೇ ಇಲ್ಲವಲ್ಲ," ಎಂದು ಸಹಾಯಕಿ ಇಂಗ್ಲಿಷಿನಲ್ಲಿ ಕೇಳಿದಳು. "ಈ ಅರ್ಜಿ ಯಾರದು? ಅದು ಗೊತ್ತಾಗದೆ ನಾನು ಕಳಿಸುವಂತಿಲ್ಲ."

ಕಸ್ತೂರಿ ಹಾಳೆಯನ್ನು ಮಗಳತ್ತ ಸರಿಸಿದರು. "ನೀನೇ ಹಾಕು. ಡಾಕ್ಟರು ನೀನು."

"ನಾನು ಆ ಬಸ್ ಹತ್ತೇ ಇಲ್ಲಮ್ಮ." ಭಾವನಾ ಹಾಳೆಗಳನ್ನು ತಿರುವಿ ನೋಡಿದಳು. "ನಿನ್ ಸಹಿ ಎಲ್ಲಿ?"

"ಟೈಪ್ ಮಾಡಿದೋಳು ನಾನು. ಟೈಪಿಸ್ಟು ಸಹಿ ಹಾಕ್ತಾಳೇನೇ?"

ಭಾವನಾಗೆ ನಗು ಬಂತು, ಆದರೆ ನಗಲಿಲ್ಲ. "ಅಪ್ಪಂಗೆ ಊಟ ಮಾಡ್ಸೋಳು ಯಾರು?" ಎಂದಳು.

ಕಸ್ತೂರಿ ಹಾಳೆಯನ್ನು ಮತ್ತೆ ತನ್ನತ್ತ ಎಳೆದುಕೊಂಡರು. ಸಹಿಗೆಂದು ಎರಡು ಬೆರಳಗಲ ಜಾಗ ಬಿಟ್ಟು, ಅದರ ಕೆಳಗೆ ಬೇರೆಯವರ ಹೆಸರು ಹೊಡೆದ ಕಾಗದಗಳು ಎಷ್ಟೋ. ಆ ಜಾಗ ಎಂದೂ ತನ್ನದಾಗಿರಲಿಲ್ಲ. ಅವರು ಪೆನ್ನು ತೆಗೆದುಕೊಂಡು, ಮೊದಲ ಸಾಲಿನಲ್ಲಿ, ಸಂಬಳದ ರಿಜಿಸ್ಟರಿನಲ್ಲಿ ಹಾಕುತ್ತಿದ್ದ ಹಾಗೆಯೇ ಕನ್ನಡದಲ್ಲಿ ಸಹಿ ಹಾಕಿದರು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರು, ವಿಳಾಸ.

ಸಹಾಯಕಿ ಹಾಳೆಗಳಿಗೆ ಮೊಹರು ಒತ್ತಿದಳು. ಬಸ್ಸು ಉಳಿಯುತ್ತದೆಯೋ ಇಲ್ಲವೋ ಹೇಳಲಾರೆ, ಆದರೆ ಮಂಗಳವಾರ ಅರ್ಜಿ ಸದನದ ಮುಂದೆ ಹೋಗುತ್ತದೆ, ಎಂದಳು. ಮತ್ತೆ ಸಹಿಯ ಮೇಲೆ ಬೆರಳಿಟ್ಟು ಕೇಳಿದಳು: "ಇದನ್ನು ಹೇಗೆ ಹೇಳುವುದು? ಶಾಸಕಿ ತಪ್ಪು ಹೇಳಬಾರದಲ್ಲ."

"ಕಸ್ತೂರಿ," ಎಂದರು ಅವರು. "ನಡುವಿನ 'ತೂ' ಸ್ವಲ್ಪ ಎಳೀಬೇಕು." ಆಗ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು, ಹನ್ನೆರಡಕ್ಕೆ ಹತ್ತು ನಿಮಿಷ. ಡಬ್ಬಿಯ ಚೀಲ ಎತ್ತಿಕೊಂಡು ಎದ್ದರು. "ಅವರು ಕಾಯ್ತಿರ್ತಾರೆ, ನೀನು ಹೇಳ್ಕೊಡು ಭಾವನಾ, ಮೊದಲು 'ಕಸ್' ಅಂತ ನಿಲ್ಲಿಸಿ, ಆಮೇಲೆ ನಾಲಿಗೇನ ಹಲ್ಲಿಗೆ" ಎನ್ನುತ್ತ ಬಾಗಿಲು ತಳ್ಳಿ ಬಿಸಿಲಿಗಿಳಿದು ಮಗಳ ಕಾರಿನತ್ತ ನಡೆದರು.